ಬಾರಿ ಗಿಡಕ್ಕೆ ಕಣ್ಣು ಕೂಡಿಸಿದ್ದು

ತಮಗೆ ಬಾರದ್ದನ್ನು ಕಲಿಸುವುದು ಶಿಕ್ಷಕರಿಗೆ ಅಂಥ ಕಷ್ಟದ ಕೆಲಸವಲ್ಲ. ಪುಸ್ತಕದಲ್ಲಿ ಮಕ್ಕಳಿಗಿಂತ ಒಂದು ಪಾಠ ಮುಂದಿದ್ದರೆ ಸಾಕು. ನಾನು ಹಾಗೆಯೇ ಹದಿನೈದು ವರ್ಷ ಕಳೆದವಳು. ಆದರೆ ಹಿರೇವಡ್ಡಟ್ಟಿ ಕಡೆಯ ನಮ್ಮ ಹೈಸ್ಕೂಲಿಗೆ ಕೃಷಿ ಕೌಶಲದ ತರಗತಿ ಬಂತು. ವಿಜ್ಞಾನದ ಟೀಚರ್ ಎಂಬ ಒಂದೇ ಕಾರಣಕ್ಕೆ ಅದು ನನ್ನ ಕೊರಳಿಗೆ ಬಿತ್ತು. ನಾನೋ ಬೆಟಗೇರಿಯ ನೇಕಾರರ ಮನೆಯವಳು. ನಡುಮನೆಯ ತುಂಬ ಮಗ್ಗ. ನಾನು ಹತ್ತಿರದಿಂದ ಕಂಡ ಹಸಿರೆಂದರೆ ಸೀರೆಯ ಅಂಚಿನದು. ನಮ್ಮ ಮಕ್ಕಳಾದರೆ ನಡೆಯಲು ಕಲಿತದ್ದೇ ಹೊಲದ ಬದುವಿನ ಮೇಲೆ.

ಮೊದಲ ವಾರವೇ ಮಾದರಿಯಾಗಿರಬೇಕೆಂದು ಶಾಲೆಯ ಹಿಂದಿನ ಮಡಿಯಲ್ಲಿ ನಾನೇ ಕೂತು ಎಳೆ ಹುಲ್ಲನ್ನೆಲ್ಲ ಕಿತ್ತೆ. ಮಕ್ಕಳು ಸಾಲಾಗಿ ನಿಂತು ನೋಡಿದರು. ಕೊನೆಗೆ ಒಂಬತ್ತನೆಯ ತರಗತಿಯ ರೇಣುಕಾ ಮೆಲ್ಲಗೆ, "ಟೀಚರ್, ಅದು ಕಸ ಅಲ್ರಿ. ಉಳ್ಳಾಗಡ್ಡಿ ಸಸಿ ಐತ್ರಿ" ಅಂದಳು.

"ಮೊದ್ಲ ಯಾಕ ಹೇಳಲಿಲ್ಲ?"

"ನೀವು ಭಾಳ ಮನಸ್ಸಿಟ್ಟು ಕೀಳಾಕ ಹತ್ತಿದ್ರಿ."

ಈ ರೇಣುಕಾ ನನ್ನ ವಿಜ್ಞಾನದ ಪರೀಕ್ಷೆಯಲ್ಲಿ ಎಂದೂ ಎರಡನೆಯ ಪುಟ ತಿರುಗಿಸಿದವಳಲ್ಲ. ಆದರೆ ಮುಂಡರಗಿಯಲ್ಲಿ ಸಸಿ ಮಾರುವ ಬಸಪ್ಪನವರು ಬಂದು ಕಸಿ ಕಲಿಸಿದಾಗ ಬೇರೆಯೇ ಹುಡುಗಿಯಾದಳು. ಜಾತಿ ಬಾರಿ, ಅಂದರೆ ಒಳ್ಳೆಯ ತಳಿಯ ಬೋರೆ ಗಿಡದ ಚಿಗುರುಮೊಗ್ಗೆಗೆ ಕಣ್ಣು ಅನ್ನುತ್ತಾರೆ. ಅದನ್ನು ತೊಗಟೆಸಮೇತ ತೆಗೆದು, ಕಾಡುಬಾರಿಯ ಟೊಂಗೆಯ ತೊಗಟೆ ಸೀಳಿ ಅದರೊಳಗೆ ಕೂಡಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಬೇಕು. ಆಮೇಲೆ ಆ ಕಾಡುಗಿಡವೇ ಸಿಹಿ ಹಣ್ಣು ಕೊಡುತ್ತದೆ. ಶಾಲೆಯ ಹಿಂದಿನ ಗಿಡಕ್ಕೆ ನಾನು ಐದು ಕಟ್ಟಿದೆ, ಅವಳು ಐದು. ಮೂರು ವಾರಕ್ಕೆ ಪಟ್ಟಿ ಬಿಚ್ಚಿದರೆ ನನ್ನವು ಐದೂ ಕಪ್ಪಗೆ ಒಣಗಿದ್ದವು. ಅವಳವು ಹಸಿರಾಗಿದ್ದವು. ಬಸಪ್ಪನವರು ನನ್ನವನ್ನು ನೋಡಿ, "ಇರ್ಲಿ ಬಿಡ್ರಿ, ಈ ಸಲ ಬಿಸಲು ಜಾಸ್ತಿ" ಎಂದರು. ಅವಳ ಟೊಂಗೆಗೂ ಅದೇ ಬಿಸಿಲು ಬಿದ್ದಿತ್ತು ಎಂದು ಯಾರೂ ಹೇಳಲಿಲ್ಲ.

ಅಷ್ಟರಲ್ಲಿ ರೇಣುಕಾಳ ತಾಯಿ ಗಂಗವ್ವ ಶಾಲೆಗೆ ಬಂದರು. ಡೋಣಿ ಊರಿನ ದಾರಿಯಲ್ಲಿ ಅವರದೊಂದು ಸಣ್ಣ ಹೊಲ.

"ಅಕ್ಕಾರ, ನನ್ನಂಗ ಮಣ್ಣಾಗ ಕುಂಡ್ರೂದು ಬ್ಯಾಡಂತ ಮಗಳನ್ನ ಶಾಲಿಗೆ ಕಳಿಸೇನಿ. ನೀವು ಇಲ್ಲೂ ಮಣ್ಣಾಗ ಕುಂಡ್ರಸ್ತೀರಿ. ಆಕಿನ್ನ ಈ ಕ್ಲಾಸಿನಿಂದ ಬಿಡಸ್ರಿ."

ನಾನು ಪುಸ್ತಕದ ಭಾಷೆಯಲ್ಲಿ ಏನೇನೋ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, "ನಮ್ಮ ಬದುವಿನ್ಯಾಗ ಒಂದು ಕಾಡುಬಾರಿ ಐತಿ. ಅದಕ್ಕ ಕಣ್ಣು ಹಿಡಿಸಿ ತೋರಸ್ರಿ. ಆಮ್ಯಾಲ ಮಾತಾಡೂಣು" ಎಂದರು.

ರವಿವಾರ ಹೋದೆವು. ಗಂಗವ್ವ ಚೂರಿಯನ್ನು ನನ್ನ ಕೈಗೇ ಕೊಟ್ಟರು. ಒಂದು ಕಣ್ಣನ್ನು ಹೇಗೋ ಕೂಡಿಸಿ ಕಟ್ಟಿ, ಇನ್ನು ಆಗದೆಂದು ಚೂರಿಯನ್ನು ರೇಣುಕಾಳಿಗೆ ಕೊಟ್ಟೆ.

"ಈಕಿ ಏನ್ ಮಾಡ್ತಾಳ್ರಿ?" ಎಂದರು ಗಂಗವ್ವ.

"ಅವ್ವಾ, ಟೊಂಗಿ ಹಿಡಿ. ಅಳ್ಳಾಡಸಬ್ಯಾಡ" ಎಂದಳು ಮಗಳು.

ತಾಯಿ ತೆಪ್ಪಗೆ ಟೊಂಗೆ ಹಿಡಿದರು. ಮಗಳ ಬೆರಳುಗಳು ಓಡಾಡಿದ ರೀತಿಯನ್ನು ನಾನು ಹಿಂದೆ ಕಂಡದ್ದು ಒಂದೇ ಕಡೆ, ಹರಿದ ಎಳೆ ಜೋಡಿಸುವಾಗ ನನ್ನಪ್ಪನ ಕೈಯಲ್ಲಿ. ಹನ್ನೊಂದು ಕಣ್ಣು ಕಟ್ಟಿದಳು. ಗಂಗವ್ವ ಚಾ ಕುಡಿಯಲು ನನ್ನನ್ನು ಬೇವಿನ ಮರದ ಕೆಳಗೆ ಕರೆದೊಯ್ದರು.

ತಿಂಗಳ ನಂತರ ಗಂಗವ್ವ ಶಾಲೆಗೆ ಬಂದಾಗ ಜೊತೆಗೆ ಇನ್ನೂ ಮೂವರು ತಾಯಂದಿರಿದ್ದರು. "ಹನ್ನೆರಡಕ್ಕ ಹನ್ನೆರಡೂ ಚಿಗತಾವು. ನನ್ನ ಮಗಳು ಕಟ್ಟ್ಯಾಳ" ಎಂದು ಹೆಡ್‌ಮಾಸ್ತರರ ಎದುರೇ ಹೇಳಿದರು. ಉಳಿದವರು ತಮ್ಮ ಹೆಣ್ಣುಮಕ್ಕಳನ್ನೂ ಈ ತರಗತಿಗೆ ಸೇರಿಸಲು ಬಂದಿದ್ದರು. ರಜೆಯಲ್ಲಿ ಕೂಲಿ ಕೊಟ್ಟು ಕೆಲಸ ಕಲಿಸುತ್ತೇನೆಂದು ಬಸಪ್ಪನವರೂ ಹೇಳಿ ಕಳಿಸಿದ್ದರು. ನನಗೆ ಕಣ್ಣು ತುಂಬಿ ಬಂತು. ಹೆಮ್ಮೆ ಮಗಳಂಥ ಶಿಷ್ಯೆಯ ಬಗ್ಗೆ ಎಂದರೆ ಪೂರ್ತಿ ಖರೆಯಾಗದು. ಹನ್ನೆರಡರಲ್ಲಿ ಒಂದು ನನ್ನದು! ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಆ ಒಂದರ ವರ್ಣನೆಯನ್ನೇ ಅರ್ಧ ತಾಸು ಮಾಡಿದೆ.

ಸಂಜೆ ರೇಣುಕಾ ಬಾಗಿಲಲ್ಲಿ ನಿಂತಳು.

"ಟೀಚರ್, ಸಿಟ್ಟಾಗಬ್ಯಾಡ್ರಿ. ನೀವು ಕಣ್ಣು ಬುಡಮ್ಯಾಲ ಇಟ್ಟಿದ್ರಿ. ನೀವು ಚಾ ಕುಡಿಯಾಕ ಹೋದಾಗ ಬಿಚ್ಚಿ, ಬ್ಯಾರೆ ಕಣ್ಣು ಕೂಡಿಸಿ ಕಟ್ಟಿದ್ನಿ."

"ಅವತ್ತ ಯಾಕ ಹೇಳಲಿಲ್ಲ?"

"ನಮ್ಮವ್ವ ಅಲ್ಲೇ ಇದ್ಲಲ್ರಿ."

ತಾಯಿಯ ಮುಂದೆ ಟೀಚರ ಮಾನ ಹೋಗಬಾರದೆಂದು ಹದಿನಾಲ್ಕರ ಹುಡುಗಿ ತಿಂಗಳಿಡೀ ಸುಮ್ಮನಿದ್ದಳು. ನಾನು ಎದ್ದು ಹೋಗಿ ಎಲ್ಲರೆದುರು ನಿಜ ಹೇಳಿಬಿಡಬೇಕೆಂದು ನಿರ್ಧರಿಸಿದೆ. ಹೊರಬಂದರೆ ಹೆಡ್‌ಮಾಸ್ತರರು ಎದುರಿಗೇ ಸಿಕ್ಕು, "ಬರೂ ತಿಂಗಳು ಸುತ್ತಲಿನ ಶಾಲಿ ಶಿಕ್ಷಕರಿಗೆ ಕಸಿ ಕಟ್ಟೂದು ನೀವ ಕಲಿಸಬೇಕ್ರಿ" ಎಂದರು. ಆಗಲಿ ಅಂದಿದ್ದೇನೆ. ಆ ದಿನ ಮಾತ್ರ ಶಾಲೆ ತಪ್ಪಿಸಬೇಡವೆಂದು ರೇಣುಕಾಳಿಗೆ ಈಗಲೇ ಹೇಳಿಟ್ಟಿದ್ದೇನೆ.