ಪಂಚೆಯ ಮೇಲಿನ ಗ್ರಾಫು

ಬಡವನಹಳ್ಳಿಯಲ್ಲಿ ಕಡಲೆಕಾಯಿ ರೇಟನ್ನೇ ಎಣ್ಣೆಯಲ್ಲಿ ಕರಿದು ತಿಂದವರು ಯಾರಾದರೂ ಇದ್ದರೆ ಅದು ನಮ್ಮ ಚಿಕ್ಕಪ್ಪ. ಸುಳ್ಳಲ್ಲ, ನನಗೂ ಒಂದು ತುಂಡು ಕೊಟ್ಟಿದ್ದರು. ಉಪ್ಪು ಸ್ವಲ್ಪ ಮುಂದಾಗಿತ್ತು.

ಅವರ ಮಗಳು ವಾಣಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಪಿಯುಸಿಯಲ್ಲಿ ಅರ್ಥಶಾಸ್ತ್ರ ತೆಗೆದುಕೊಂಡಳು. ಕಾಲೇಜಿನಲ್ಲಿ, "ಗ್ರಾಫ್ ಬಿಟ್ಬುಡಮ್ಮ, ಮಿಕ್ಕಿದ್ದು ಓದ್ಕೋ" ಎಂದರಂತೆ. ಹುಡುಗಿ ಮನೆಗೆ ಬಂದು ಊಟ ಬಿಟ್ಟಳು. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾದ ಚಿಕ್ಕಪ್ಪ ಸುಮ್ಮನಿರುತ್ತಾರೆಯೇ? ಮಾಳಿಗೆಯ ಮೇಲೆ ಸಂಡಿಗೆ ಒತ್ತುತ್ತಿದ್ದ ಚಿಕ್ಕಮ್ಮನ ಕೈಯಿಂದ ಚಕ್ಕುಲಿ ಒರಳು ಕಿತ್ತುಕೊಂಡರು. ಹಾಸಿದ್ದ ಹಳೇ ಪಂಚೆಯ ಮೇಲೆ ಒಂದು ಅಡ್ಡಗೆರೆ, ಒಂದು ಉದ್ದಗೆರೆ, ನಡುವೆ ಏರಿ ಇಳಿಯುವ ಕಡಲೆಕಾಯಿ ರೇಟು! ಒಣಗಿ ಗಟ್ಟಿಯಾದ ಮೇಲೆ ವಾಣಿ ಬೆರಳಾಡಿಸಿ, "ಅಪ್ಪಾ, ಇಲ್ಲಿ ರೇಟು ಬಿದ್ದೋಯ್ತಲ್ಲ" ಎಂದಳು. ಚಿಕ್ಕಪ್ಪನಿಗೆ ಸ್ವರ್ಗಕ್ಕೆ ಮೂರೇ ಗೇಣು.

ಅಂದಿನಿಂದ ಮನೆಯ ಪಂಚೆಗಳೆಲ್ಲ ಗ್ರಾಫು. ತಪ್ಪಾದದ್ದಕ್ಕೆ ಹಿಂಬದಿಯಿಂದ ನೀರು ಚಿಮುಕಿಸಿ, ಬಿಡಿಸಿ, ಒಣಗಿಸಿ, ಕರಿದು ತಾವೇ ತಿನ್ನುತ್ತಿದ್ದರು. ಜೊತೆಗೆ ಗಾಯನ ಬೇರೆ. ರೇಟು ಏರಿದರೆ ದನಿಯೂ ಏರುವುದು, ಇಳಿದರೆ ದನಿಯೂ ಇಳಿಯುವುದು. ಪಕ್ಕದ ಮನೆಯಾಕೆ ಓಡಿಬಂದು, "ಯಾಕಮ್ಮೀ, ಮೇಷ್ಟ್ರಿಗೆ ಹೊಟ್ಟೆನೋವಾ?" ಎಂದು ವಿಚಾರಿಸಿದರು.

"ಇಲ್ಲ ಕಣಕ್ಕ, ಟಮಾಟ ರೇಟು ಹೆಚ್ತಾ ಐತೆ" ಎಂದರು ಚಿಕ್ಕಮ್ಮ. ಅವರಿಗೆ ಬಂದ ಸಿಟ್ಟೇನು ಕಡಿಮೆಯೇ? "ಹಬ್ಬಕ್ಕೆ ಒಂದು ಸಂಡಿಗೆ ಉಳಿಸ್ಲಿಲ್ಲ. ಮನೆಹಾಳ ಗ್ರಾಫು, ನಾನಂತೂ ಅದನ್ನ ಮುಟ್ಟಾಕಿಲ್ಲ" ಎಂದು ಶಪಥ ಮಾಡಿದರು.

ಮಾಡಿದ ತಪ್ಪನ್ನೆಲ್ಲ ತಿನ್ನುತ್ತ ಹೋದರೆ ಏನಾಗಬೇಕೋ ಅದೇ ಆಯಿತು. ಒಂದು ದಿನ ಚಿಕ್ಕಪ್ಪ ಎದೆ ಹಿಡಿದುಕೊಂಡು ಕುಳಿತರು. ಮಧುಗಿರಿಗೆ ಕರೆದೊಯ್ದು ಇಸಿಜಿ ತೆಗೆಸಿದೆವು. "ಹೃದಯ ಚೆನ್ನಾಗಿದೆ, ಬರೀ ಗ್ಯಾಸು. ಕರಿದದ್ದು ಬಿಡಿ" ಎಂದರು ಡಾಕ್ಟರು. ನಾವು ನಕ್ಕೆವು. ವಾಣಿ ಮಾತ್ರ ನಂಬಲಿಲ್ಲ. "ನಂಗೆ ಕಾಣಲ್ಲ ಅಂತ ಎಲ್ರೂ ಸಮಾಧಾನ ಹೇಳ್ತೀರ" ಎಂದು ಅತ್ತಳು.

ಮಾರನೆಯ ಬೆಳಿಗ್ಗೆ ಚಿಕ್ಕಮ್ಮ ಯಾರಿಗೂ ಹೇಳದೆ ಸಂಡಿಗೆ ಹಿಟ್ಟು ಬೇಯಿಸಿದರು. ಇಸಿಜಿ ಕಾಗದವನ್ನು ಪಕ್ಕದಲ್ಲಿಟ್ಟುಕೊಂಡು, ಅದರಲ್ಲಿದ್ದ ಗುಡ್ಡಗಳನ್ನು ಪಂಚೆಯ ಮೇಲೆ ದೊಡ್ಡದಾಗಿ ಒತ್ತುತ್ತ ಹೋದರು. ಗೆರೆ ಸೊಟ್ಟಗಾದಾಗ ನಿಲ್ಲಿಸಿ, ಕಾಗದ ನೋಡಿಕೊಂಡು ಮತ್ತೆ ಒತ್ತಿದರು. ವಾಣಿ ಕಾಗೆ ಓಡಿಸುತ್ತ ದಿನವಿಡೀ ಅಲ್ಲೇ ಕುಳಿತಳು.

ಸಂಜೆ ಅವಳ ಬೆರಳು ಒಂದೊಂದೇ ಗುಡ್ಡ ಹತ್ತಿ ಇಳಿಯಿತು. ಜೊತೆಗೆ ಅಪ್ಪನ ಹಾಗೆಯೇ ದನಿ ಏರಿಸಿ ಇಳಿಸಿ ಹಾಡಿದಳು. ಕೊನೆಗೆ, "ಎಲ್ಲಾ ಒಂದೇ ಸಮ ಐತೆ ಕಣಪ್ಪ" ಎಂದು ಅವರ ಎದೆಗೆ ತಲೆಯಿಟ್ಟಳು.

ವಾಣಿ ಗ್ರಾಫು ಬಿಡದೆಯೇ ಪಾಸಾದಳು. ಚಿಕ್ಕಪ್ಪ ಕರಿದದ್ದು ಬಿಟ್ಟಿದ್ದಾರೆ, ಹಾಡು ಬಿಟ್ಟಿಲ್ಲ. ಉಳಿದ ಪಂಚೆಗಳನ್ನೆಲ್ಲ ಒಗೆದು ಮಡಿಸಿಟ್ಟಾಗಿದೆ. ಆ ಇಸಿಜಿ ಪಂಚೆಗೆ ಮಾತ್ರ ಚಿಕ್ಕಮ್ಮ ಇವತ್ತಿಗೂ ನೀರು ಚಿಮುಕಿಸಿಲ್ಲ.