ಮಾವನ ಸ್ಕೂಟರಿನ ಗ್ಯಾಸ್ಕೆಟ್ಟು

ಎಲ್ಲಕ್ಕೂ ಕಾರಣ ಒಂದು ಹನಿ ಎಣ್ಣೆ. ಶರ್ಟಿನ ಗುಂಡಿಯಷ್ಟಗಲದ ಕಪ್ಪು ಹನಿ. ಮನೆ ಓನರು ಹೊಸದಾಗಿ ಹಾಸಿಸಿದ ಬಿಳಿ ಕಲ್ಲಿನ ಮೇಲೆ, ಬಾಡಿಗೆದಾರ ಟೇಲರನ ಸ್ಕೂಟರಿನ ಹೊಟ್ಟೆಯ ಕೆಳಗೆ, ಅಳತೆ ತೆಗೆದು ಇಟ್ಟ ಹಾಗೆ ಬಿದ್ದಿತ್ತು.

ಓನರು ಬೆಳಗ್ಗೆ ಎದ್ದವರೇ ಮಾಡುವ ಮೊದಲ ಕೆಲಸ ಕೆಳಗಿನ ಶಟರನ್ನು ಎತ್ತುವುದು. ಆ ಶಟರನ್ನು ಅವರು ಮಗುವಿನಂತೆ ಸಾಕಿದ್ದರು. ಒಂದು ಬೆರಳು ತಾಗಿಸಿದರೆ ಸಾಕು, ಬೆಣ್ಣೆಯಿಂದ ಕೂದಲು ಎಳೆದ ಹಾಗೆ ಸದ್ದಿಲ್ಲದೆ ಮೇಲೇರಿ ಸುರುಳಿ ಸುತ್ತಿಕೊಳ್ಳುತ್ತಿತ್ತು. ಅದರ ಬುಡದಲ್ಲೇ ಸ್ಕೂಟರಿನ ಜಾಗ.

"ಸಂಜೆ ಬಂದು ನೋಡ್ತೀನಿ. ಇನ್ನೊಂದು ಹನಿ ಕಂಡ್ರೆ ಗಾಡಿ ಬೀದಿಗೆ," ಅಂದರು ಓನರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಟೇಲರ್ ಹೆದರಿದ್ದು ಅದಕ್ಕೇ.

ಬೀದಿಗೆ ಅಂದರೆ ಬರೀ ಬೀದಿಯಲ್ಲ. ಸ್ಕೂಟರು ಅವನ ಹೆಂಡತಿಯ ಅಪ್ಪನದು. ಆತ ಕಣ್ಣು ಮುಚ್ಚುವ ಮುಂಚೆ ಅದರ ಬೀಗದ ಕೈಯನ್ನು ಅಳಿಯನ ಅಂಗೈಲಿಟ್ಟು, ಮಗಳಿಗಿಂತ ಹೆಚ್ಚಾಗಿ ಅದನ್ನೇ ಒಪ್ಪಿಸಿ ಹೋಗಿದ್ದ. ಸುದ್ದಿ ಮೇಲಿನ ಮನೆಗೆ ಮುಟ್ಟಿದಾಗ ಹೆಂಡತಿ ಬಟ್ಟೆ ಮಡಿಸುತ್ತಲೇ ಇದ್ದಳು. ಕೊನೆಗೆ ಹೇಳಿದಳು: "ಅಪ್ಪನ ಗಾಡಿ ಬೀದೀಲಿ ನಿಂತ್ರೆ ನೀವೂ ಅದರ ಪಕ್ಕದಲ್ಲೇ ಮಲಗಿ. ದಿಂಬು ಕೊಡ್ತೀನಿ."

ಮೆಕ್ಯಾನಿಕ್ಕು ಫೋನಿನಲ್ಲೇ, ಇಂಜಿನ್ನಿನ ಮುಚ್ಚಳದಡಿಯ ಕಾಗದದ ಗ್ಯಾಸ್ಕೆಟ್ಟು ಹೋಗಿರಬೇಕು, ಒಂದು ವಾರ ಬಿಟ್ಟು ಬಾ ಅಂದ. ಇನ್ನು ಗತಿಯಿಲ್ಲ. ಎರಡು ಬಟ್ಟೆಯ ನಡುವೆ ಕ್ಯಾನ್ವಾಸ್ ಕೂರಿಸಿ ಕಾಲರ್ ಹೊಲಿಯುವವನಿಗೆ ಎರಡು ಕಬ್ಬಿಣದ ನಡುವೆ ಒಂದು ಕಾಗದ ಕೂರಿಸುವುದು ಯಾವ ಮಹಾ ವಿದ್ಯೆ ಎಂದು ಟೇಲರ್ ತನಗೆ ತಾನೇ ಧೈರ್ಯ ಹೇಳಿಕೊಂಡ. ಬೀದಿಯವರ ಕಣ್ಣಿಗೆ ಬೀಳದಿರಲೆಂದು ಶಟರನ್ನು ಅರ್ಧ ಇಳಿಸಿ, ಹಳೆಯ ಚಾದರ ಹಾಸಿ, ಇಂಜಿನ್ನಿನ ಎಣ್ಣೆಯನ್ನೆಲ್ಲ ಬೋಗುಣಿಗೆ ಇಳಿಸಿ, ಮುಚ್ಚಳ ಬಿಚ್ಚಿದ. ಹಳೆಯ ಗ್ಯಾಸ್ಕೆಟ್ಟು ತಳ ಹಿಡಿದ ಅನ್ನದ ಹಾಗೆ ಅಂಟಿಕೊಂಡಿತ್ತು. ಅದನ್ನು ಕೆರೆದು ತೆಗೆಯುವಷ್ಟರಲ್ಲಿ ಎರಡು ಉಗುರು ಹೋದವು. ಹೊಸ ಗ್ಯಾಸ್ಕೆಟ್ಟಿಗೆಂದು ತಂದ ದಪ್ಪ ಹಾಳೆಯನ್ನು ಮುಚ್ಚಳದ ಅಂಚಿಗೆ ಒತ್ತಿ, ಗುರುತು ಹಾಕಿ, ಅಂಗಡಿಯ ದೊಡ್ಡ ಕತ್ತರಿಯಲ್ಲಿ ಎಷ್ಟು ಚೆನ್ನಾಗಿ ಕತ್ತರಿಸಿದನೆಂದರೆ ಅವನಿಗೇ ಹೆಮ್ಮೆಯಾಯಿತು. ಕೂರಿಸಿ ನೋಡಿದರೆ ಸುತ್ತಲೂ ಅರ್ಧ ಇಂಚು ಜಾಸ್ತಿ. ಕೈ ತನ್ನ ಅಭ್ಯಾಸದಂತೆ ಹೊಲಿಗೆಗೆ ಅಂತ ಬಟ್ಟೆ ಬಿಟ್ಟಿತ್ತು. ಮತ್ತೆ ಕತ್ತರಿ ಹಿಡಿದು ಅಂಚು ಸವರಿದ.

ಅಷ್ಟು ಹೊತ್ತಿಗೆ ಪಕ್ಕದ ಮನೆಯ ಪಂಪು ತಾತ ಶಟರಿನ ಕೆಳಗಿಂದ ಬಗ್ಗಿ ಒಳಗೆ ಬಂದಿದ್ದರು. ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ತಲೆ ನರೆಸಿಕೊಂಡವರು. ಕಾಗದವನ್ನು ನಂಬಬೇಡ, ಸಂದಿ ಮುಚ್ಚುವ ಪೇಸ್ಟನ್ನು ನಂಬು, ಗೋಡೆಗೆ ಗಾರೆ ಬಳಿದ ಹಾಗೆ ಬಳಿ ಎನ್ನುವುದು ಅವರ ಉಪದೇಶ. ಹಿಂದೆಯೇ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಭಾಮೈದ, ಅಕ್ಕನ ಫೋನಿಗೆ ಓಗೊಟ್ಟು, ಎಣ್ಣೆಯ ಡಬ್ಬಿಯನ್ನೂ ಒಂದು ಕೆಂಪು ಟ್ಯೂಬನ್ನೂ ಹಿಡಿದು ಬಂದ. ತಾತನ ಪೇಸ್ಟು ತಾತನ ಕಾಲದ್ದು, ಈಗೆಲ್ಲ ಈ ಟ್ಯೂಬೇ, ಅದೂ ಕೂದಲೆಳೆಯಷ್ಟು ಎಂದು ಅವನ ವಾದ.

ಟೇಲರ್ ಕೈ ತೊಳೆಯಲು ಒಳಗೆ ಹೋದಾಗ ತಾತ ತಾವು ತಂದ ಕಪ್ಪು ಪೇಸ್ಟನ್ನು ಗಾರೆಯ ಹಾಗೆ ಬಳಿದರು. ಪ್ಯಾಂಟು ಕೇಳಲು ಬಂದ ಗಿರಾಕಿಗೆ ಸುಳ್ಳು ಹೇಳಲು ಅವನು ಹೊರಗೆ ಹೋದಾಗ ಭಾಮೈದ ಅದರ ಮೇಲೆ ಕೂದಲೆಳೆ ಎಳೆದ, ನಾಲ್ಕು ಜಡೆಗಾಗುವಷ್ಟು. ಇಬ್ಬರೂ ಉಪಕಾರ ಮಾಡಿದ ಸಂಗತಿ ಗೊತ್ತಿಲ್ಲದ ಟೇಲರ್ ತನ್ನ ಪಾಲಿನದನ್ನೂ ಹಚ್ಚಿ ಬೋಲ್ಟು ಬಿಗಿದ. ಸಂದಿಯಿಂದ ಕಪ್ಪೂ ಕೆಂಪೂ ಒಟ್ಟಿಗೆ ನಾಲಿಗೆ ಚಾಚಿದವು.

"ಒಣಗೋವರ್ಗೂ ಎಣ್ಣೆ ಹಾಕ್ಬೇಡಿ ಭಾವ," ಎಂದು ಭಾಮೈದ ಡಬ್ಬಿಯನ್ನು ಮೀಟರ್ ಬೋರ್ಡಿನ ಮೇಲಿಟ್ಟ.

ಒಣಗುವ ಮೊದಲೇ ಓನರು ಬಂದರು. ಬಿಳಿ ಹಾಳೆಯೊಂದನ್ನು ಗಾಡಿಯ ಕೆಳಗೆ ತಾವೇ ತಳ್ಳಿ, ಕುರ್ಚಿ ಹಾಕಿಕೊಂಡು ಕೂತರು. ಉಳಿದವರು ಆಪರೇಷನ್ ಕೋಣೆಯ ಹೊರಗಿನ ನೆಂಟರಂತೆ ನಿಂತರು. ಹಾಳೆ ಬೆಳ್ಳಗೇ ಇತ್ತು. ಕಾಫಿ ಬಂತು, ಲೋಟ ಖಾಲಿಯಾಯಿತು, ಹಾಳೆ ಆಗಲೂ ಬೆಳ್ಳಗೇ ಇತ್ತು. ಟೇಲರನ ಕಣ್ಣಲ್ಲಿ ನೀರು ತುಂಬಿತು. ಹುಟ್ಟಿದಾಗಿನಿಂದ ಅವನು ಮುಟ್ಟಿದ ಕೆಲಸ ಹೀಗೆ ಒಂದೇ ಸಲಕ್ಕೆ ಕೈಗೂಡಿದ್ದಿಲ್ಲ. ಅವನಿಗೆ ಅನುಮಾನ ಬರಬೇಕಾಗಿದ್ದದ್ದೇ ಆಗ.

"ಭೇಷ್. ಒಂದು ಸುತ್ತು ಹೊಡ್ಕೊಂಡು ಬಾ, ಓಡಿದ ಮೇಲೂ ನೋಡೋಣ," ಎಂದು ಓನರು ಶಟರನ್ನು ಪೂರ್ತಿ ಮೇಲೆತ್ತಿದರು.

ಬೀದಿಯ ತುದಿಯವರೆಗೆ ಸ್ಕೂಟರು ಮದುವೆ ಗಂಡಿನಂತೆ ಹೋಯಿತು. ತಿರುವಿನಲ್ಲಿ ಕತ್ತರಿಯನ್ನು ಕಲ್ಲಿಗೆ ತಿಕ್ಕಿದಂಥ ಸದ್ದು. ಆಮೇಲೆ ಸದ್ದೇ ಇಲ್ಲ. ಕಿಕ್ಕರಿನ ಮೇಲೆ ಟೇಲರ್ ಎರಡೂ ಕಾಲಲ್ಲಿ ಹತ್ತಿ ನಿಂತರೂ ಅದು ಬಂಡೆಯ ಹಾಗೆ ಅಲುಗಲಿಲ್ಲ. ತಳ್ಳಿಕೊಂಡು ವಾಪಸು ಬಂದವನ ಮುಖ ನೋಡಿದ ಭಾಮೈದ ಮುಖ ತಿರುಗಿಸಿಕೊಂಡ. ತಿರುಗಿಸಿದ ಕಡೆ ಮೀಟರ್ ಬೋರ್ಡಿತ್ತು.

"ಭಾವ, ಎಣ್ಣೆ?"

ಡಬ್ಬಿ ಸೀಲು ಒಡೆಯದೆ ಕೂತಿತ್ತು. ಎಣ್ಣೆಯಿಲ್ಲದೆ ಓಡಿದ ಇಂಜಿನ್ನು ಸೀದು ಕಚ್ಚಿಕೊಂಡಿತ್ತು.

ಓನರಿಗೆ ಆ ಕಡೆ ಗಮನವಿರಲಿಲ್ಲ. ಅವರು ನೆಲದ ಹಾಳೆಯನ್ನೇ ನೋಡುತ್ತಿದ್ದರು. ನಟ್ಟ ನಡುವೆ ಶರ್ಟಿನ ಗುಂಡಿಯಷ್ಟಗಲದ ಕಪ್ಪು ಹನಿ.

"ಇದೇನು?"

"ಗಾಡೀಲಿ ಎಣ್ಣೇನೇ ಇಲ್ಲ ಸಾರ್," ಎಂದ ಟೇಲರ್. ತನ್ನ ನಿರಪರಾಧಿತ್ವವನ್ನು ಇಷ್ಟು ದುಃಖದಿಂದ ಸಾಬೀತು ಮಾಡಿದವರು ಬೇರೆ ಯಾರೂ ಇರಲಾರರು. "ಗಾಡೀನೂ ಇಲ್ಲಿರ್ಲಿಲ್ಲ."

ಓನರು ಬಗ್ಗಿ ಹನಿಯನ್ನು ಮುಟ್ಟಿ ನೋಡಿದರು. ಅವರ ಬೋಳು ತಲೆಯ ಮೇಲೆ ಇನ್ನೊಂದು ಟಪ್ಪೆಂದು ಬಿತ್ತು. ಎಲ್ಲರೂ ಕತ್ತೆತ್ತಿದರು. ಓನರು ದಿನಾ ಬೆಳಗ್ಗೆ ತಮ್ಮ ಕೈಯಾರೆ ಎಣ್ಣೆ ಕುಡಿಸುತ್ತಿದ್ದ ಶಟರಿನ ಸುರುಳಿ ಮೂರನೆಯ ಹನಿಗೆ ತಯಾರಾಗುತ್ತಿತ್ತು. ಗಾಡಿ ಆಚೆ ಹೋದಾಗಲೆಲ್ಲ ಅದು ಹನಿಸಿದ್ದರ ಮೇಲೆ ಟೇಲರ್ ಬಂದು ನಿಲ್ಲಿಸುತ್ತಿದ್ದ, ಅಷ್ಟೆ.

ಓನರು ಒಳ್ಳೆಯವರು. ತಲೆ ಒರೆಸಿಕೊಂಡು ಟೇಲರನ ಹೆಗಲ ಮೇಲೆ ಕೈಯಿಟ್ಟರು.

"ತಪ್ಪು ನಿಂದಲ್ಲ ಬಿಡಪ್ಪ. ಗಾಡಿ ಇಲ್ಲೇ ಇರ್ಲಿ. ಎಷ್ಟು ದಿನ ಬೇಕಾದ್ರೂ ನಿಂತಿರ್ಲಿ."

ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ಬೀದಿಯ ತಿರುವಿನ ಸದ್ದು ಮೇಲಿನ ಮನೆಗೂ ಕೇಳಿಸಿತ್ತು. ಹೆಂಡತಿ ಯಾರ ಮುಖವನ್ನೂ ನೋಡದೆ ಇಳಿದು ಬಂದು ಅಪ್ಪನ ಸ್ಕೂಟರಿನ ಕಿಕ್ಕರನ್ನು ಒಮ್ಮೆ ಒತ್ತಿ ನೋಡಿದಳು. ಆಮೇಲೆ ಕಂಕುಳಲ್ಲಿದ್ದ ದಿಂಬನ್ನು ಸೀಟಿನ ಮೇಲಿಟ್ಟು ಹೊರಟುಹೋದಳು.