ಶೇವಂತಾ ತೆಳು

ಕಂಪ್ಯೂಟರಿನ ಮೇಲೆ ಮುನಿಸಿಕೊಂಡು ಊಟ ಬಿಟ್ಟ ಮನುಷ್ಯರನ್ನು ನೀವು ನೋಡಿದ್ದೀರಾ? ಇಲ್ಲದಿದ್ದರೆ ಬೇಡಕಿಹಾಳಕ್ಕೆ ಬನ್ನಿ, ನಮ್ಮ ಕಾಕಾ ಸಿಗುತ್ತಾರೆ. ಅದು ಕೆಟ್ಟು ಕೂತಿತೆಂದು ಅವರು ಮುನಿಸಿಕೊಂಡದ್ದಲ್ಲ. ಒಂದು ತುಂಬಿದ ಮನೆಯನ್ನು ಒಡೆಯಿತು ಎಂದು! ಯಾರ ಮನೆ ಎನ್ನುತ್ತೀರಾ? ಅಕ್ಷರಗಳ ಮನೆ.

ಕಾಕಾ ಎಂದರೆ ನನ್ನ ತಂದೆಯ ತಮ್ಮ. ನಿಪ್ಪಾಣಿಯಿಂದ ಅಥಣಿಯವರೆಗೆ ಅಂಗಡಿಗಳ ಬೋರ್ಡು ಬರೆದೇ ಆಯುಷ್ಯ ಕಳೆದವರು. ಫ್ಲೆಕ್ಸ್ ಬಂದ ಮೇಲೆ ಬ್ರಷ್ಷು ತೊಳೆದಿಟ್ಟರು, ಕಣ್ಣು ಮಾತ್ರ ಸುಮ್ಮನಿರಲಿಲ್ಲ. ಇವರ ಜೊತೆ ಬಸ್ಸಿನಲ್ಲಿ ಚಿಕ್ಕೋಡಿಗೆ ಹೋಗುವುದೆಂದರೆ ಒಂದು ಶಿಕ್ಷೆ. ಕಿಟಕಿಯಾಚೆ ಕಬ್ಬು ಕಾಣುವುದಿಲ್ಲ, ಜನ ಕಾಣುವುದಿಲ್ಲ, ಬರೀ ಬೋರ್ಡು. ಆ ‘ಳ’ಕ್ಕೆ ಸೊಂಟ ಉಳುಕಿದೆ, ಈ ‘ಜ’ ಉಪವಾಸ ಬಿದ್ದಿದೆ, ದಾರಿಯುದ್ದಕ್ಕೂ ಇದೇ ಪುರಾಣ. ಒಮ್ಮೆ ನಿಪ್ಪಾಣಿಯ ಪೇಢೆ ಅಂಗಡಿಯೊಂದರಲ್ಲಿ, ಬೋರ್ಡಿನ ‘ಢ’ಕ್ಕೆ ಹೊಟ್ಟೆ ಸೀಳಿಲ್ಲವೆಂದು ಮಾಲೀಕನಿಗೆ ನಿಂತಲ್ಲೇ ಪಾಠ ಶುರುಮಾಡಿದರು. ಆತ ಕನ್ನಡದಲ್ಲೊಮ್ಮೆ ಮರಾಠಿಯಲ್ಲೊಮ್ಮೆ ಬೇಡಿಕೊಂಡು, ಕೊನೆಗೆ ಅರ್ಧ ಕಿಲೋ ಪೇಢೆ ಪುಕ್ಕಟೆ ಕೊಟ್ಟು ಸಾಗಹಾಕಿದ. ಕಾಕಾ ಅದನ್ನು ಗುರುದಕ್ಷಿಣೆ ಎಂದೇ ಇಂದಿಗೂ ನಂಬಿದ್ದಾರೆ.

ನಾನು ಚಿಕ್ಕೋಡಿಯಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದೇನೆ. ಲಗ್ನಪತ್ರಿಕೆ, ಮಕ್ಕಳ ಮೊದಲ ಕೂದಲು ತೆಗೆಸುವ ಜಾವಳದ ಕಾರ್ಡು, ಇಂಥವು. ಹೋದ ವರ್ಷ ಒಂದು ಸೋಮವಾರ ಕಾಕಾ ಹಾಳೆಗಳ ದೊಡ್ಡ ಕಟ್ಟು ಬಗಲಲ್ಲಿಟ್ಟುಕೊಂಡು ಬಂದರು. ತಮ್ಮ ಬರಹದ ಫಾಂಟು ಮಾಡಿಕೊಡಬೇಕಂತೆ. ಒಂದಲ್ಲ, ಸಂಸಾರ ಸಮೇತ! ಸಾದಾ, ದಪ್ಪ, ಓರೆ, ದಪ್ಪ ಓರೆ, ಮತ್ತೆ ತೀರ ತೆಳ್ಳಗಿನದೊಂದು. ಮನೆತನದ ಹೆಸರು ‘ಬೇಡಕಿಹಾಳ’. ಸಾದಾ ನಮ್ಮ ಅಜ್ಜನಂತೆ, ಯಾರ ತಂಟೆಗೂ ಹೋಗದವರು. ದಪ್ಪ ನಮ್ಮ ಅಜ್ಜಿ, ಮನೆಯ ಭಾರವೆಲ್ಲ ಹೊತ್ತವಳು. ಓರೆ ನನ್ನ ಅಪ್ಪ, ಎಂದೂ ನೆಟ್ಟಗೆ ಮಾತಾಡಿದವರಲ್ಲ. ದಪ್ಪ ಓರೆ ಯಾರು ಎಂದು ಕೇಳಿದೆ. ನನ್ನ ಹೊಟ್ಟೆಯ ಕಡೆ ನೋಡಿ ಹಾಳೆ ಮಗುಚಿದರು. ತಮಗೆ ಮಾತ್ರ ಅವರು ಎಲ್ಲೂ ಜಾಗ ಇಟ್ಟುಕೊಂಡಿರಲಿಲ್ಲ.

ತೆಳುವಿಗೆ ಹೆಸರು ಬರೆದೇ ತಂದಿದ್ದರು: ಶೇವಂತಾ.

ಯಾರು ಈ ಶೇವಂತಾ? ನಮ್ಮ ಕಾಕು, ಕಾಕಾನ ಹೆಂಡತಿ! ನನಗೇ ಆ ಹೆಸರು ಗೊತ್ತಿರಲಿಲ್ಲ. ನಾವೆಲ್ಲ ಅವರನ್ನು ಬಲ್ಲದ್ದು ಲಕ್ಷ್ಮೀಬಾಯಿ ಎಂದು. ನಮ್ಮ ಕಡೆ ಕೆಲವು ಮನೆತನಗಳಲ್ಲಿ ಮದುವೆಯ ದಿನವೇ ಸೊಸೆಯ ಹೆಸರು ಬದಲಿಸುತ್ತಾರೆ. ತಾಟಿನಲ್ಲಿ ಅಕ್ಕಿ ಹರಡಿ, ಮದುಮಗ ಉಂಗುರದಿಂದ ಹೊಸ ಹೆಸರು ಬರೆಯಬೇಕು. ಮದುಮಗ ಯಾರು? ನಮ್ಮ ಕಾಕಾ! ‘ಕ್ಷ್ಮೀ’ಯ ಒತ್ತು ಸರಿ ಬರಲಿಲ್ಲವೆಂದು ಮೂರು ಸಲ ಅಕ್ಕಿ ಅಳಿಸಿ ಬರೆದರಂತೆ. ಬೀಗರು ಹಸಿದು ಕುಳಿತರು, ಭಟ್ಟರು ಗಡಿಯಾರ ನೋಡಿದರು. ಕೊನೆಗೆ ತಾಟು ಕೈಯಿಂದ ಕೈಗೆ ಹೋಗಿ, ಮಂದಿಯೆಲ್ಲ ಅಕ್ಷರ ನೋಡಿ ಭಲೇ ಎಂದರಂತೆ.

ಅಂದಿನಿಂದ ಕಾಕುವನ್ನು ಹಳೆಯ ಹೆಸರಿನಿಂದ ಕರೆಯುತ್ತಿದ್ದವರು ಐಗಳಿಯಲ್ಲಿದ್ದ ಅವರ ಅಣ್ಣ ಒಬ್ಬರೇ. ಕಾಕಾ ನನ್ನ ಅಂಗಡಿಗೆ ಬರುವುದಕ್ಕೆ ಕೆಲವು ತಿಂಗಳು ಮೊದಲು ಆ ಅಣ್ಣ ತೀರಿಕೊಂಡಿದ್ದರು. ಮಣ್ಣು ಮುಗಿಸಿ ಬಸ್ಸಿನಲ್ಲಿ ಬರುವಾಗ ಕಾಕು, “ಇನ್ನ ಆ ಹೆಸರಿಲೆ ನನ್ನ ಕರಿಯಾವ್ರ ಯಾರೂ ಉಳಿಲಿಲ್ಲ” ಎಂದರಂತೆ.  ಮರುದಿನ ಕಾಕಾ ಬ್ರಷ್ಷು ಹೊರಗೆ ತೆಗೆದರು.

ಇಷ್ಟೆಲ್ಲ ಯಾಕೆ, ನೀವೇ ಕರೆಯಬಹುದಲ್ಲ ಎಂದೆ. ಆದರೆ ನಲವತ್ತು ವರ್ಷದಲ್ಲಿ ಅವರು ಹೆಂಡತಿಯನ್ನು ಯಾವ ಹೆಸರಿನಿಂದಲೂ ಕರೆದವರಲ್ಲ. ಬೇಕಾದಾಗ ಕೆಮ್ಮುತ್ತಾರೆ. ಚಹಾಕ್ಕೆ ಒಂದು ಕೆಮ್ಮು, ಊಟಕ್ಕೆ ಎರಡು! ಒಮ್ಮೆ ನಿಜವಾಗಿಯೂ ನೆಗಡಿ ಹಿಡಿದಾಗ, ಒಂದೇ ದಿನ ಹದಿನಾಲ್ಕು ಕಪ್ಪು ಚಹಾ ಬಂದಿತ್ತು.

“ಬರದರ ಬರ್ತೈತೋ ತಮ್ಮಾ,” ಎಂದರು ಕಾಕಾ. “ಬಾಯಾಗ ಬರಂಗಿಲ್ಲ.”

ಸರಿ, ಫಾಂಟು ಮಾಡಿದೆವು. ಕಾಗುಣಿತ, ಒತ್ತು ಎಲ್ಲ ಸೇರಿ ತಿಂಗಳುಗಟ್ಟಲೆ ಹಿಡಿಯಿತು. ಕಂಪ್ಯೂಟರಿಗೆ ಹಾಕಿ ಪಟ್ಟಿ ತೆರೆದರೆ, ಬೇಡಕಿಹಾಳದ ಮನೆಯಲ್ಲಿ ನಾಲ್ಕೇ ಜನ! ಶೇವಂತಾ ಇಲ್ಲ. ನಮ್ಮ ಅಂಗಡಿಯ ಹಳೆಯ ಪ್ರೋಗ್ರಾಮಿನಲ್ಲಿ ಒಂದು ಹೆಸರಿನ ಮನೆಗೆ ನಾಲ್ವರಷ್ಟೇ: ಸಾದಾ, ದಪ್ಪ, ಓರೆ, ದಪ್ಪ ಓರೆ. ಐದನೆಯದು ಕಾಣಬೇಕಾದರೆ ಅದಕ್ಕೆ ಬೇರೆ ಮನೆ ಮಾಡಬೇಕು. ಇದನ್ನು ಕಾಕಾಗೆ ಹೇಳಿದೆ ನೋಡಿ, ಕೆಟ್ಟೆ!

“ನಮ್ಮ ಮನಿತನದಾಗ ಯಾರೂ ಬ್ಯಾರಿ ಆಗಿಲ್ಲ,” ಎಂದರು. “ಹೆಸರ ಅಂತೂ ಕಸ್ಗೊಂಡೇನಿ. ಈಗ ಮನಿ ಬಿಡಿಸಿ ಹೊರಗ ಹಾಕ್ಲೇನ?”

ಊಟ ಬಿಟ್ಟದ್ದು ಅಂದೇ. ಮಧ್ಯಾಹ್ನದ್ದು ಮಾತ್ರ. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ತಿಂದ ಎರಡು ತಾಟು ಭಜಿಯನ್ನು ಅವರು ಊಟವೆಂದು ಒಪ್ಪುವುದಿಲ್ಲ.

ನಾಲ್ಕು ದಿನ ಬಿಟ್ಟು, ಅವರ ಎದುರೇ ತೆಳುವಿಗೆ ಬೇರೆ ಮನೆ ಮಾಡಿ ತೋರಿಸಿದೆ. ಹೆಸರೇನೋ ಕಂಡಿತು. ದಪ್ಪ ಮಾಡುವ ಗುಂಡಿ ಒತ್ತಿದೆ. ಆ ಮನೆಯಲ್ಲಿ ದಪ್ಪಕ್ಷರವೇ ಇರಲಿಲ್ಲವಾದ್ದರಿಂದ, ಕಂಪ್ಯೂಟರು ತಾನೇ ತೆಳು ಅಕ್ಷರದ ಸುತ್ತ ಮಸಿ ಮೆತ್ತಿ ಉಬ್ಬಿಸಿತು. ಕಾಕಾ ಕನ್ನಡಕ ಒರೆಸಿಕೊಂಡು ನೋಡಿದರು.

“ಇದ ದಪ್ಪಲ್ಲೋ, ಬಾವು ಬಂದೈತಿ.”

ಒಬ್ಬಳನ್ನೇ ಬಿಟ್ಟರೆ ಹೀಗೇ ಆಗುವುದೆಂದು, ಅವಳ ಜೊತೆಗಿರಲು ಇನ್ನೊಂದು ದಪ್ಪಕ್ಷರವನ್ನು ಅ ದಿಂದ ಳ ದವರೆಗೆ ಮತ್ತೆ ಕೂತು ಬರೆದರು. ಅದನ್ನು ತೆಳುವಿಗೆ ಜೋಡಿ ಮಾಡಿದೆ. ಈಗ ಗುಂಡಿ ಒತ್ತಿದರೆ ಮಸಿ ಮೆತ್ತುವುದಿಲ್ಲ, ಈ ಅಕ್ಷರ ಎದ್ದು ಬರುತ್ತದೆ. ಇದು ಯಾರೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆದರೂ ‘ಬೇರೆ ಮನೆ’ ಎಂಬ ಮಾತು ಅವರಿಗೆ ನುಂಗಲಾಗಿರಲಿಲ್ಲ. ಆಗ ಬಿಡಿಸಿ ಹೇಳಿದೆ. ಫಾಂಟಿನ ಒಳಗೆ ಮನೆಯ ಹೆಸರಿಗೆ ಎರಡು ಜಾಗಗಳಿವೆ. ಹಳೆಯ ಪ್ರೋಗ್ರಾಮು ಒಂದನ್ನು ಓದುತ್ತದೆ, ಅಲ್ಲಿ ಅವಳು ಶೇವಂತಾ, ತನ್ನ ಮನೆಯಲ್ಲಿ ತಾನು. ಹೊಸ ಪ್ರೋಗ್ರಾಮು ಇನ್ನೊಂದನ್ನು ಓದುತ್ತದೆ, ಅಲ್ಲಿ ಅವಳು ಬೇಡಕಿಹಾಳದ ಮನೆಯವಳೇ. ಕಾಕಾ ಪರದೆಯ ಹತ್ತಿರಕ್ಕೆ ಬಾಗಿದರು.

“ಒಂದ ತಗದ ಇನ್ನೊಂದ ಇಡೂದಲ್ಲ? ಎರಡೂ ಇರ್ತಾವ?”

“ಎರಡೂ ಇರ್ತಾವ್ರಿ ಕಾಕಾ.”

“ಮದವ್ಯಾಗ ನನಗ ಇದನ್ನ ಯಾರೂ ಹೇಳಲಿಲ್ಲ ನೋಡು,” ಎಂದರು. “ಅಕ್ಷರ ಚಂದ ಬಂದಾವೇನಂತ ತಾಟ ನೋಡಿದ್ನೆಪಾ ನಾ. ಆಕಿ ಮಾರಿ ನೋಡಲಿಲ್ಲ.”

ನನಗೆ ನಗು ಬರಲಿಲ್ಲ. ಊರೆಲ್ಲ ಬೋರ್ಡುಗಳ ತಪ್ಪು ಹುಡುಕಿಕೊಂಡು ತಿರುಗಿದ ಮನುಷ್ಯ, ತಾನೇ ಬರೆದ ಒಂದು ಹೆಸರನ್ನು ನೆನೆದು ಒಳಗೊಳಗೆ ಇಷ್ಟು ಕೊರಗುತ್ತಿದ್ದಾರೆಂದು ನನಗೆ ಗೊತ್ತೇ ಇರಲಿಲ್ಲ. ಬಹಳ ಕೆಡುಕೆನಿಸಿತು.

ಕಳೆದ ರವಿವಾರ ಮುಂಜಾನೆ ಲ್ಯಾಪ್‌ಟಾಪು ಹಿಡಿದುಕೊಂಡು ಬೇಡಕಿಹಾಳಕ್ಕೆ ಹೋದೆ. ಕಾಕು ಒಳಗೆ ರೊಟ್ಟಿ ಬಡಿಯುತ್ತಿದ್ದರು. ಫಾಂಟಿನ ಸುದ್ದಿಯನ್ನು ಅವರಿಗೆ ನಾವಿಬ್ಬರೂ ಹೇಳಿರಲಿಲ್ಲ. ಪಡಸಾಲೆಯಲ್ಲಿ ಕೂತು ಪಟ್ಟಿ ತೆರೆದೆ. ಕಾಕಾಗೆ ಆ ಸಣ್ಣ ಅಕ್ಷರ ಕಾಣಿಸದು, ಗಟ್ಟಿಯಾಗಿ ಓದು ಎಂದರು. ಬೇಡಕಿಹಾಳ ಸಾದಾ, ಬೇಡಕಿಹಾಳ ದಪ್ಪ, ಹೀಗೆ ಒಂದೊಂದಾಗಿ ಓದುತ್ತ ಕೆಳಗಿಳಿದು, “ಶೇವಂತಾ” ಎಂದೆ.

ಒಳಗಿಂದ “ಓ” ಎಂದು ದನಿ ಬಂತು.

ರೊಟ್ಟಿಯ ಸಪ್ಪಳ ನಿಂತಿತು. ಹಿಟ್ಟಿನ ಕೈಯಲ್ಲೇ ಕಾಕು ಓಡುತ್ತ ಹೊರಗೆ ಬಂದರು. ನಮ್ಮನ್ನು ನೋಡಲಿಲ್ಲ, ಬಾಗಿಲ ಕಡೆ ನೋಡಿದರು, ಬೀದಿಯ ಕಡೆ ನೋಡಿದರು. ಅಲ್ಲಿ ಯಾರೂ ಇರಲಿಲ್ಲ. ಬರುವಾಗ ಮುಖದ ಮೇಲಿದ್ದ ಸಂತೋಷ ನೋಡನೋಡುತ್ತಲೇ ಇಳಿದುಹೋಯಿತು.

“ಯಾರ ಕರದದ್ದ?” ಎಂದು ಮೆಲ್ಲಗೆ ಕೇಳಿದರು.

ನಾನು ಓದಿದ್ದು ಎನ್ನಲು ಬಾಯಿ ತೆರೆದೆ. ಕಾಕಾ ನನ್ನ ಕೈ ಅದುಮಿ ಎದ್ದು ನಿಂತರು.

“ನಾ ಕರದೆ,” ಎಂದರು. “ಶೇವಂತಾ, ನಾನ ಕರದೆ.”